ಮಕ್ಕಳ ಕೈಗೆ ಸೌಟು ಕೊಡಿ

"ಎಷ್ಟೋ ಮಕ್ಕಳಿಗೆ ಒಂದು ಹೊತ್ತಿನ ಊಟ ಇಲ್ಲ, ನೀನು ನೋಡಿದರೆ ಚೆಲ್ತೀಯಾ" ಅಂತ ತಟ್ಟೆ ಮುಂದೆ ಕೂತ ಮಗುವಿಗೆ ಬೈದು ಪ್ರಯೋಜನವಿಲ್ಲ. "ಹಾಗಾದ್ರೆ ಇದನ್ನ ಅವರಿಗೇ ಕೊಡು" ಅನ್ನುತ್ತೆ ಮಗು. ತಪ್ಪೇನಿದೆ ಅದರ ಮಾತಲ್ಲಿ? ಬೈದು ತುರುಕಿದರೆ ಅನ್ನದ ಬೆಲೆ ತಿಳಿಯುವುದಿಲ್ಲ, ಊಟ ಅಂದರೆ ರಗಳೆ ಅನ್ನೋದು ಮಾತ್ರ ಮನಸ್ಸಿಗೆ ಹೋಗುತ್ತೆ.

ನಾಲ್ಕೈದು ವರ್ಷ ಆದ ಮಗುವಿಗೆ ಸಣ್ಣ ಸೌಟು ಕೊಟ್ಟು ತಾನೇ ಬಡಿಸಿಕೊಳ್ಳಲು ಬಿಡಿ. ಮೊದಲು ಸ್ವಲ್ಪ, ಬೇಕಾದರೆ ಮತ್ತೆ, ಇಷ್ಟೇ ನಿಯಮ. ಒಂದಿಷ್ಟು ನೆಲಕ್ಕೆ ಬೀಳುತ್ತೆ, ಬೀಳಲಿ. ಒರೆಸುವುದನ್ನೂ ಹಾಗೇ ಕಲಿಯುತ್ತೆ. ಹಾಕಿಕೊಂಡ ಅನ್ನಕ್ಕೆಲ್ಲ ಒಟ್ಟಿಗೆ ಸಾರು ಸುರಿಯಲು ಮಾತ್ರ ಬಿಡಬೇಡಿ. ನಾಲ್ಕು ತುತ್ತಿನಷ್ಟು ಅನ್ನ ಪಕ್ಕಕ್ಕೆ ಎಳೆದುಕೊಂಡು ಅಷ್ಟಕ್ಕೇ ಸಾರು ಕಲಸಲಿ. ಸಾರು ಸೇರದಿದ್ದರೆ ಮಿಕ್ಕ ಅನ್ನಕ್ಕೆ ಮೊಸರಾದರೂ ಆಗುತ್ತೆ. ಪೂರ್ತಿ ಕಲಸಿಟ್ಟ ಮೇಲೆ "ಬೇಡ" ಅಂದರೆ ತಿನ್ನುವವರು ಯಾರು?

ಇನ್ನೊಂದು ಮಾತು. ಮಕ್ಕಳಿಗೆ ಹಸಿವಾಗಲು ನಾವು ಬಿಡುವುದೇ ಇಲ್ಲ. ಊಟಕ್ಕೆ ಅರ್ಧ ಗಂಟೆ ಇರುವಾಗ ಬಿಸ್ಕತ್ತು, ಆಮೇಲೆ "ಸರಿಯಾಗಿ ತಿನ್ನಲ್ಲ" ಅಂತ ದೂರು! ಉಪವಾಸ ಕೆಡವಿ ಪಾಠ ಕಲಿಸಿ ಅಂತಲ್ಲ. ಆಡಿ ಬಂದು "ಅಜ್ಜಿ, ಹೊಟ್ಟೆ ಹಸೀತಿದೆ" ಅಂದಾಗ ಬಿಸಿ ಅನ್ನ ಸಿಗಲಿ, ಸಾಕು.

ಹಸಿವಿನ ಕಥೆ ಹೇಳಲು ದೂರದ ದೇಶ ಹುಡುಕಬೇಡಿ. 1965ರಲ್ಲಿ ಪ್ರಧಾನಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ದೇಶವನ್ನೇ ಕೇಳಿಕೊಂಡಿದ್ದರು. ಅಮೆರಿಕದ ಗೋಧಿ ಬಂದರೆ ರೇಷನ್ ಅನ್ನುವ ಕಾಲ ಅದು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಸರತಿಯಲ್ಲಿ ನಿಂತವರು ಸಿಕ್ಕೇ ಸಿಗುತ್ತಾರೆ. ಸರ್ಕಾರಿ ಶಾಲೆಯ ಬಿಸಿಯೂಟದ ವಿಷಯವನ್ನೂ ಹೇಳಿ. ಅಕ್ಷರ ದಾಸೋಹ ಅಂತ ಅದು 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿದ್ದು. ಖಾಲಿ ಹೊಟ್ಟೆಯ ಮಗುವಿಗೆ ಪಾಠ ಹತ್ತೋದಾದರೂ ಹೇಗೆ? ಇದು ನಿಮ್ಮ ಮಗುವಿಗೂ ಥಟ್ಟನೆ ಅರ್ಥವಾಗುತ್ತೆ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಲೆಕ್ಕವೇ ಕೊಡಿ. ಒಂದು ಕೆಜಿ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕು. ತಾರಸಿ ಮೇಲಿನ 1,000 ಲೀಟರಿನ ಟ್ಯಾಂಕು ತೋರಿಸಿ, ಅಂಥವು ಎರಡೂವರೆ ಅನ್ನಿ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ ಕಸಕ್ಕೆ ಹೋಗುತ್ತೆ ಅಂತ ವಿಶ್ವಸಂಸ್ಥೆಯ 2024ರ ಅಂದಾಜು. ಸಿಪ್ಪೆ, ಬೀಜ ಎಲ್ಲ ಸೇರಿ, ವಾರಕ್ಕೆ ಒಂದು ಕೆಜಿಗೂ ಜಾಸ್ತಿ. ನಿಮ್ಮ ಮನೆಯದ್ದು ಎಷ್ಟು? ಒಂದು ವಾರ ಎಸೆಯುವುದನ್ನೆಲ್ಲ ಒಂದೇ ಡಬ್ಬಕ್ಕೆ ಹಾಕಿ, ಮಗುವಿನ ಕೈಯಲ್ಲೇ ದಿನಾ ತೂಗಿಸಿ ಬರೆಸಿ. ಮಗುವಿನ ತಟ್ಟೆಯ ಎರಡು ತುತ್ತಿಗಿಂತ ಫ್ರಿಜ್ಜಿನ ಮೂಲೆಯಲ್ಲಿ ಕೆಟ್ಟ ಸೊಪ್ಪು, ಹಳಸಿದ ಸಾಂಬಾರೇ ಜಾಸ್ತಿ ತೂಗಿದರೆ ಆಶ್ಚರ್ಯಪಡಬೇಡಿ. ಅದು ದೊಡ್ಡವರ ಲೆಕ್ಕ!

ರಾತ್ರಿಯ ಅನ್ನ ಮಿಕ್ಕರೆ ಹೊರಗೆ ಇಡಬೇಡಿ. ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಬೆಳಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವ ಕೆಲಸ ಮಗುವಿಗಿರಲಿ. ಇಲ್ಲವಾದರೆ ಅಕ್ಕಿಹಿಟ್ಟಿನ ಜೊತೆ ನಾದಿ ರೊಟ್ಟಿ ತಟ್ಟಿ, ಮೆತ್ತಗೆ ಬರುತ್ತೆ. ಹುಳಿ ವಾಸನೆ ಬಂದರೆ, ಲೋಳೆಯಾದರೆ ಜೀವ ಹಿಡಿದು ಉಳಿಸಬೇಡಿ. ಗೊಬ್ಬರದ ಗುಂಡಿ ಇದೆ ಅಲ್ವಾ?

ಕೊಡುವುದನ್ನು ಕಲಿಸುವಾಗ ಜೋಪಾನ. ಮಗು ಬಿಟ್ಟದ್ದನ್ನು, ಮೂರು ದಿನದ ಪಲ್ಯವನ್ನು ಮನೆಗೆಲಸದವರ ಕೈಗೆ ಕೊಟ್ಟರೆ, ನಮಗೆ ಬೇಡದ್ದು ಅವರಿಗೆ ಅನ್ನುವುದನ್ನು ಮಗು ನೋಡಿ ಕಲಿಯುತ್ತೆ. ಕೊಡುವುದಾದರೆ ನಾವು ಉಣ್ಣುವ ಮುಂಚೆ, ಅದೇ ಪಾತ್ರೆಯಿಂದ, ಅದೇ ಬಿಸಿಯಲ್ಲಿ ಕೊಡಿ.

ಮದುವೆ ಊಟಕ್ಕೆ ಹೋದಾಗ, ಬಡಿಸುವವರು ಹತ್ತಿರ ಬರುತ್ತಿದ್ದಂತೆ ಎಲೆ ಮೇಲೆ ಅಡ್ಡ ಕೈ ಹಿಡಿದು "ಸಾಕು" ಅನ್ನಲು ಮಗುವಿಗೆ ಹೇಳಿಕೊಡಿ. ಆಮೇಲೆ ಉಪಚಾರದ ಹೆಸರಲ್ಲಿ "ಇನ್ನೊಂದು ಹೋಳಿಗೆ ಹಾಕಿ ಮಗೂಗೆ" ಅಂತ ನೀವೇ ಕೂಗಬೇಡಿ.