ಒಂದನೇ ತಾರೀಖಿನ ದುಡ್ಡು: ಶಿರಸಿಲಿ ಕೂತು ಮೆದುಳಿನ ಪಿಎಚ್‌ಡಿ ಮಕ್ಕಳನ್ನ ಸಂಭಾಳಿಸಿದ ನನ್ನ ಅನುಭವ

ಮೆದುಳಿನ ಮೇಲೆ ಪಿಎಚ್‌ಡಿ ಮಾಡೋ ಮಕ್ಕಳಿಗೆ ದುಡ್ಡು ಕೊಟ್ಟು ಮನೇಲಿ ಇಟ್ಕೊಳ್ಳೂದನ್ನ ಶುರು ಮಾಡ್ದಾಗ ನಮ್ಮ ಇಇಜಿ (ತಲೆಗೆ ವೈರ್ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ಅಳೆಯೂದು) ಟೆಕ್ನಿಷಿಯನ್ ಬಳಗದಲ್ಲೇ ನಕ್ಕವರು ಜಾಸ್ತಿ. "ಶಿರಸಿಗೆ ಅಡಿಕೆ ಟೆಂಡರಿಗೆ ಬರ್ತಾರೆ, ಮಾರಿಕಾಂಬಾ ಜಾತ್ರೆಗೆ ಬರ್ತಾರೆ, ಫಿಟ್ಸ್ ಬಗ್ಗೆ ರಿಸರ್ಚ್ ಮಾಡೂಕೆ ಯಾರ್ ಬರ್ತಾರೆ ಮಾರಾಯಾ" ಅಂದಿದ್ರು. ಈಗ ಲೆಕ್ಕ ಹಾಕಿದ್ರೆ 11 ಜನ ಬಂದು ಹೋಗಿದಾರೆ, 8 ಜನ ಇನ್ನೂ ಇದೇ ಲೈನಲ್ಲಿ ಇದಾರೆ, ಹೋದ ತಿಂಗಳು ಒಬ್ಳ ಥೀಸಿಸ್ ಡಿಫೆನ್ಸೂ ಮುಗೀತು. ನಕ್ಕವರಲ್ಲಿ ಇಬ್ರು ಫೋನ್ ಮಾಡಿ "ಅದೆಂತ ಮಾಡ್ದೆ ಹೇಳು" ಅಂದ್ರು, ಅದಕ್ಕೇ ಬರೀತಿದೀನಿ.

ಮೊದ್ಲು ಸೋತಿದ್ದು ಹೇಳ್ತೀನಿ. ಬೆಂಗಳೂರಲ್ಲಿ 22 ವರ್ಷ ತಲೆಗೆ ವೈರ್ ಅಂಟಿಸಿ ತೋಟಕ್ಕೆ ವಾಪಸ್ ಬಂದ ಹೊಸದರಲ್ಲಿ ನಂಗೂ ಬಹುಮಾನ ಕೊಡೋ ಹುಚ್ಚು. ಜಿಲ್ಲೆಯ ಮಕ್ಕಳು ಯಾರಾದ್ರೂ ಮೆದುಳಿನ ಕಾಯಿಲೆ ಮೇಲೆ ಪಿಎಚ್‌ಡಿ ಮಾಡ್ತಿದ್ರೆ 50 ಸಾವಿರ ಅಂತ ಇಟ್ಟೆ. ಹಾಲ್ ಬಾಡಿಗೆ, ಮೈಕ್, ಶಾಲು, ಹಣ್ಣಿನ ಬುಟ್ಟಿ, ಊಟ ಅಂತ ಹತ್ರಹತ್ರ 40 ಸಾವಿರ ಫಂಕ್ಷನ್ನಿಗೇ ಹೋಯ್ತು. ತಗೊಂಡ ಹುಡುಗ ಮುಂದಿನ ವರ್ಷ ಪಿಎಚ್‌ಡಿ ಬಿಟ್ಟು ಸಾಫ್ಟ್‌ವೇರ್ ಕಂಪನಿಗೆ ಸೇರ್ಕೊಂಡ. ಎಂತಕ್ಕೋ ಅಂತ ಕೇಳಿದ್ರೆ "ಅಂಕಲ್, ನೀವು ಕೊಟ್ಟಾಗ ನಂಗೆ ದುಡ್ಡು ಬೇಕಾಗಿರ್ಲಿಲ್ಲ, ಬೇಕಾದಾಗ ಯಾರ ಹತ್ರಾನೂ ಕೇಳೂಕೆ ಆಗ್ಲಿಲ್ಲ" ಅಂದ. ಆ ಮಾತು ಆಗ ನಂಗೆ ಸಿಟ್ಟು ಬರಿಸ್ತು, ಅರ್ಥ ಆಗೂಕೆ ಮತ್ತೆರಡು ವರ್ಷ ಬೇಕಾಯ್ತು.

ಆಮೇಲೆ ಗೋಕರ್ಣದಲ್ಲಿ ಎರಡು ದಿನದ ವರ್ಕ್‌ಶಾಪ್, 70 ಸಾವಿರ, ಉಳಿದಿದ್ದು ಬೀಚ್ ಫೋಟೊ. ಆಮೇಲೆ ಪೇಸ್ಟ್ ಬೇಡ ಅನ್ನೋ ಡ್ರೈ ಎಲೆಕ್ಟ್ರೋಡ್ ಹೆಡ್‌ಸೆಟ್ ತರಿಸಿದೆ, ಒಂದು ಲಕ್ಷದ ಮೇಲೆ ಚಿಲ್ಲರೆ. ಏಸಿ ರೂಮಲ್ಲಿ ಎಲ್ಲಾ ಸರಿ, ನಮ್ಮ ಜುಲೈ ತಿಂಗಳ ಹವೆಗೆ ಅದು ಮೆದುಳು ಬಿಟ್ಟು ಬೇರೆ ಎಲ್ಲಾ ರೆಕಾರ್ಡ್ ಮಾಡ್ತಿತ್ತು. ಈಗ ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಇದೆ, ಯಾರಿಗಾದ್ರೂ ಬೇಕಿದ್ರೆ ತಗೊಂಡ್ ಹೋಗಿ.

ಕೊನೆಗೆ ಕೆಲ್ಸಕ್ಕೆ ಬಂದಿದ್ದು ಏನು ಅಂದ್ರೆ ತೀರಾ ಸಪ್ಪೆ ವಿಷಯ. ಫೆಲೋಶಿಪ್ ದುಡ್ಡು ಬರೋ ತನಕ ಒಂದನೇ ತಾರೀಖಿಗೆ ಆ ಮಕ್ಕಳ ಅಕೌಂಟಿಗೆ 15 ಸಾವಿರ. ಕೈಗಡ, ಬಡ್ಡಿ ಇಲ್ಲ, ಅರ್ಜಿ ಇಲ್ಲ, ಒಂದು ನೋಟ್‌ಬುಕ್ಕಲ್ಲಿ ಎಂಟ್ರಿ ಅಷ್ಟೇ. 2023ರ ಜನವರಿಯಿಂದ ಪಿಎಚ್‌ಡಿ ಮಕ್ಕಳ ಸರ್ಕಾರಿ ಫೆಲೋಶಿಪ್ ತಿಂಗಳಿಗೆ ಮೊದಲ ಹಂತದ್ದು (ಜೆಆರ್‌ಎಫ್) 37 ಸಾವಿರ, ಮುಂದಿನದ್ದು (ಎಸ್‌ಆರ್‌ಎಫ್) 42 ಸಾವಿರ ಆಗಿದೆ, ಕಾಗದದ ಮೇಲೆ ಏನೂ ಕಮ್ಮಿ ಅಲ್ಲ. ಆದ್ರೆ ಅದು ನಾಲ್ಕೈದು ತಿಂಗಳಿಗೆ ಒಂದ್ಸಲ ಒಟ್ಟಿಗೆ ಬಂದ್ರೆ ಪಿಜಿ ಓನರ್ ಕಾಯ್ತಾನಾ? ಐಡಿಯಾ ಇಲ್ಲದೆ ಬಿಟ್ಟವರನ್ನ ನಾನು ನೋಡಿಲ್ಲ, ಈ ನಾಲ್ಕು ತಿಂಗಳಲ್ಲಿ ಬಿಟ್ಟವರನ್ನ ಸುಮಾರು ನೋಡಿದೀನಿ. ಬಾಕಿ ಬಂದಾಗ ವಾಪಸ್ ಹಾಕ್ತಾರೆ, ಅದೇ ದುಡ್ಡು ಮುಂದಿನವರಿಗೆ. ಮೂಲ ಬಂಡವಾಳ ಎರಡೂವರೆ ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡು, ಸುಮಾರು 90 ಸಾವಿರ, ಮೇಲೆ ಕುಮಟಾದ ಇಬ್ರು ಸ್ನೇಹಿತರು ಹಾಕಿದ್ದು ಒಂದು ಲಕ್ಷ. ಇಲ್ಲೀತನಕ ಒಬ್ಬ ಮಾತ್ರ ವಾಪಸ್ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೂಕೆ ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಅದನ್ನ ಇಲ್ಲಿ ಬರೆದ್ರೆ ಮುಂದೆ ಬರುವವರು ಉತ್ತರ ಬಾಯಿಪಾಠ ಮಾಡ್ಕೊಂಡು ಬರ್ತಾರೆ, ಬಿಡಿ.

ದುಡ್ಡು ಕೊಟ್ಟ ಮೇಲೆ ಒಂದೇ ಷರತ್ತು, ಮೂರು ತಿಂಗಳು ನಮ್ಮನೇಲಿ ಇರ್ಬೇಕು, ಮೊದಲ 15 ದಿನ ಡೇಟಾ ಮುಟ್ಟೋ ಹಾಗಿಲ್ಲ. ಗೈಡಿನ ಒಪ್ಪಿಗೆ, ಅವರ ಸಂಸ್ಥೆಯ ಎಥಿಕ್ಸ್ ಕಮಿಟಿ (ಜನರ ಮೇಲೆ ಮಾಡೋ ಅಧ್ಯಯನಕ್ಕೆ ಅನುಮತಿ ಕೊಡೋ ಸಮಿತಿ) ಪತ್ರ ಕೈಲಿಲ್ಲದಿದ್ರೆ ನನ್ನ ಮೆಷಿನ್ ಸ್ವಿಚ್ಚೇ ಹಾಕಲ್ಲ. ಆ 15 ದಿನ ಆಶಾ ಕಾರ್ಯಕರ್ತೆಯರ ಹಿಂದೆ ಸುಮ್ನೆ ನಡಿಯೂದು, ಜಗುಲಿ ಮೇಲೆ ಕೂತು ಕಷಾಯ ಕುಡಿಯೂದು. ಮದುವೆಗಿರೋ ಹುಡುಗಿ ಇದ್ದ ಮನೇಲಿ ಫಿಟ್ಸ್ ಅನ್ನೋ ಶಬ್ದ ಹೊರಗೇ ಬರಲ್ಲ ಅನ್ನೂದು ಲ್ಯಾಬಲ್ಲಿ ಕೂತವರಿಗೆ ಹೆಂಗೆ ಗೊತ್ತಾಗ್ಬೇಕು? ಒಬ್ಳು ಒಪ್ಪಿಗೆ ಪತ್ರದಲ್ಲಿ "ನರವೈಜ್ಞಾನಿಕ ಅಸ್ವಸ್ಥತೆ" ಅಂತ ಬರೆದಿದ್ಲು, ಜನ ಅದು ಹುಚ್ಚಿನ ಸರ್ಟಿಫಿಕೇಟ್ ಅಂದ್ಕೊಂಡು ಸಹಿ ಹಾಕ್ಲೇ ಇಲ್ಲ. "ಫಿಟ್ಸ್" ಅಂತ ಬದಲಾಯಿಸೂಕೆ ಕಮಿಟಿಗೆ ಮತ್ತೆ ಬರೆದು ಎರಡು ತಿಂಗಳು ಹೋಯ್ತು. ಕಾರವಾರ ಕಡೆ ಹೋಗುವವರು ಕೊಂಕಣಿಯಲ್ಲೂ ಒಂದು ಪ್ರತಿ ಮಾಡಿಸ್ಕೊಳಿ, ಕನ್ನಡ ಲಿಪೀಲಿ ಬರೆದ್ರೆ ಸಾಕು.

ಡಿಫೆನ್ಸ್ ಮುಗಿಸಿದವಳು ಅವಳೇ. ಅವಳ ವಿಷಯ ಬಿಸಿನೀರಿನ ಅಪಸ್ಮಾರ. ತಲೆ ಮೇಲೆ ಬಿಸಿನೀರು ಸುರಿದಾಗ ಬರೋ ಈ ಫಿಟ್ಸ್ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಜಾಸ್ತಿ, ನಿಮ್ಹಾನ್ಸಿನವರು ದಶಕಗಳಿಂದ ಬರೀತಾ ಇದಾರೆ. ಇವಳಿಗೆ ಬೇಕಾಗಿದ್ದು ಮನೆಗಳಲ್ಲಿ ನಿಜವಾಗಿ ಎಷ್ಟು ಬಿಸಿ ನೀರು ಎಷ್ಟು ಜೋರಾಗಿ ತಲೆಗೆ ಬೀಳ್ತದೆ ಅನ್ನೋ ಲೆಕ್ಕ, ಯಾರಿಗೂ ಫಿಟ್ಸ್ ಬರಿಸೋ ಪ್ರಯೋಗ ಅಲ್ಲ. ಸಿದ್ದಾಪುರ ದಾರೀಲಿ ಒಂದು ಮನೆ, ಬಚ್ಚಲಲ್ಲಿ ಹಂಡೆ, ಕೆಳಗೆ ಅಡಿಕೆ ಹಾಳೆ ಉರೀತಿದೆ, ಹೊಗೆಗೆ ಇವಳ ಕಣ್ಣಲ್ಲಿ ನೀರು, ಕೈಲಿ ಥರ್ಮಾಮೀಟರ್. ಅಜ್ಜಿ ಬಾಗಿಲಲ್ಲಿ ನಿಂತು "ನೀರು ಬಿಸಿ ನೋಡಲೆ ಯಂತ್ರ ಎಂತಕ್ಕೆ ಕೂಸೇ, ಕೈ ಇಲ್ಯಾ?" ಅಂದ್ರು. ಇವಳು ನಕ್ಕು, ಅಜ್ಜಿ ಕೈಯಿಂದಲೇ ಬೆರೆಸಿ ಅಂತ ಹೇಳಿ ಆಮೇಲೆ ಅಳೆದ್ಲು, 46 ಡಿಗ್ರಿ. ಇವಳೇ ಬೆರೆಸಿದ್ದು 40. ಅವತ್ತಿಂದ ಮನೆಯವರು ಬೆರೆಸಿದ ನೀರು ಮಾತ್ರ ಅಳೆಯೂದು, ಚೊಂಬು ಎಣಿಸೂದು ಅಂತ ಪದ್ಧತೀನೇ ಬದಲಾಯ್ತು, ಥೀಸಿಸ್ಸಿನ ಮೂರನೇ ಅಧ್ಯಾಯ ಪೂರ್ತಿ ಆ ಬಚ್ಚಲಿಂದ ಹುಟ್ಟಿದ್ದು.

ಇನ್ನು ಇಇಜಿ. ಮ್ಯಾಟ್‌ಲ್ಯಾಬ್ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಹುಲಿ ಆಗಿರೋ ಮಕ್ಕಳಿಗೆ ಕೊಬ್ಬರಿ ಎಣ್ಣೆ ತಲೆ ಮೇಲೆ ಎಲೆಕ್ಟ್ರೋಡ್ ಕೂರ್ಸೂಕೆ ಬರಲ್ಲ. ಹಿಂದಿನ ರಾತ್ರಿ ತಲೆ ತೊಳ್ಕೊಂಡು ಬನ್ನಿ ಅಂದ್ರೆ ಜನ ದಾಸವಾಳ ಸೊಪ್ಪಿನ ಗಂಪು (ಲೋಳೆ) ಹಾಕ್ಕೊಂಡು ಬರ್ತಾರೆ, ಅದು ಎಣ್ಣೆಗಿಂತ ಕಡೆ, ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ತಡೆ) ಬೇಕಾದ 5 ಕಿಲೋಓಮ್ ಕೆಳಗೆ ಇಳಿಯೂದೇ ಇಲ್ಲ. ಎರಡು ರೂಪಾಯಿ ಶಾಂಪೂ ಪ್ಯಾಕೆಟ್ ಮೊದಲೇ ಹಂಚಿ. ಬೆವರಿಗೆ ಎಲೆಕ್ಟ್ರೋಡ್ ಜಾರದ ಹಾಗೆ ನಾನೊಂದು ಉಪಾಯ ಮಾಡ್ತೀನಿ, ಅದು ಬಂದು ಕಲಿಯುವವರಿಗೆ ಮಾತ್ರ. ಮನೆ ಕರೆಂಟಿಂದ ರೆಕಾರ್ಡಿಂಗಲ್ಲಿ ಸೇರೋ 50 ಹರ್ಟ್ಸ್ ಗುಂಯ್ ಅನ್ನೂದಕ್ಕೆ ನಾಲ್ಕು ತಿಂಗಳು ಫಿಲ್ಟರ್ ಜತೆ ಗುದ್ದಾಡಿದ್ವಿ, ಆಮೇಲೆ ನೋಡಿದ್ರೆ ಏಪ್ರಿಲ್‌ನಲ್ಲಿ ಚಿರೇಕಲ್ಲು ನೆಲ ಒಣಗಿ ಅರ್ತಿಂಗೇ ಸತ್ತಿತ್ತು. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ದಿನಾ ಎರಡು ಕೊಡ ನೀರು. ಇಷ್ಟೇ.

ಮಧ್ಯೆ ಒಂದು ತರಲೆ ಪ್ರಯೋಗವೂ ಆಯ್ತು. ನಿದ್ದೆ ಇಇಜಿಗೆ ಜನ ಮಲಗೂದೇ ಇಲ್ವಲ್ಲ, ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಬಡಿಸಿ ನೋಡಿದೆ, ಎಂಟರಲ್ಲಿ ಆರು ಜನ ಇಪ್ಪತ್ತು ನಿಮಿಷದೊಳಗೆ ಗೊರಕೆ. ನಮ್ಮ ಹುಡುಗಿ "ಕಂಟ್ರೋಲ್ ಗ್ರೂಪ್ ಎಲ್ಲಿ ಅಂಕಲ್" ಅಂದ್ಲು. ಅಪ್ಪೆಹುಳಿ ಇಲ್ಲದ ಊಟ ಹಾಕಿ ನೋಡಿದ್ವಿ, ಅವರಲ್ಲೂ ಐದು ಜನ ಮಲಗಿದ್ರು. ಊಟದ್ದೇ ಮಹಿಮೆ ಇರ್ಬೇಕು.

ಎಲ್ಲಾ ಗೆದ್ದಿಲ್ಲ. ಒಬ್ಬ ಹುಡುಗ ಮಂಗನ ಕಾಯಿಲೆ ಆದವರ ನೆನಪಿನ ಶಕ್ತಿ ಬಗ್ಗೆ ಮಾಡ್ತೀನಿ ಅಂತ ಬಂದ. ಒಳ್ಳೇ ವಿಷಯ, 1957ರಲ್ಲಿ ಕ್ಯಾಸನೂರು ಕಾಡಲ್ಲಿ ಗುರುತಾದ ರೋಗ, ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ಮೆದುಳಿಗೆ ಹೊಡೀತದೆ. ಆದ್ರೆ ಅವನ ಅನುಮತಿ ಪತ್ರ ಕೈಗೆ ಸಿಗೋ ಹೊತ್ತಿಗೆ ಜೂನ್ ಮಳೆ ಹಿಡಿದಿತ್ತು, ಆ ಕಾಯಿಲೆ ಸೀಸನ್ ಮುಗಿದಿತ್ತು, ಫೆಲೋಶಿಪ್ಪಿಗೆ ಇನ್ನೊಂದು ವರ್ಷ ಉಳಿದಿರ್ಲಿಲ್ಲ. ಅವನಿಗೆ ಕೊಟ್ಟ 60 ಸಾವಿರ ಹೋಯ್ತು ಅಂತಲ್ಲ, ಡಿಸೆಂಬರಿಗೇ ಪೇಪರ್ ರೆಡಿ ಇರ್ಬೇಕು ಅಂತ ಮಳೆಗಾಲದಲ್ಲೇ ಕೂರ್ಸಿ ಬರೆಸದೇ ಇದ್ದಿದ್ದು ನನ್ನ ತಪ್ಪು.

ಈಗ ಮಳೆಗಾಲದಲ್ಲಿ ಶನಿವಾರ ಶನಿವಾರ ಅದೇ ಕೆಲ್ಸ. ರಿಜೆಕ್ಟ್ ಆದ ಪೇಪರ್, ಗ್ರಾಂಟ್ ಎಲ್ಲಾ ಪ್ರಿಂಟ್ ತೆಗೆದು ಜಗುಲೀಲಿ ಗಟ್ಟಿಯಾಗಿ ಓದಿಸ್ತೀನಿ. ನನ್ನ ಹೆಂಡತಿಗೆ ಅರ್ಥ ಆಗದ ವಾಕ್ಯ ಕೆಂಪು ಪೆನ್ನಲ್ಲಿ ಗುರುತು, ಅವಳು ಪಿಯುಸಿ, ಗೈಡುಗಳಿಗಿಂತ ಖಡಕ್ಕು. ಹೋದ ಸಲ ಒಬ್ಳ ಅಪ್ಲಿಕೇಶನ್ನಲ್ಲಿ 31 ಗುರುತು ಬಿತ್ತು, ಮೂರನೇ ಸಲಕ್ಕೆ ನಾಲ್ಕಕ್ಕೆ ಇಳೀತು, ಆ ಸಲವೇ ಇಂಟರ್‌ವ್ಯೂಗೆ ಕರೆ ಬಂತು.

ಈ ಡಿಸೆಂಬರಿಗೆ ಇಬ್ರು ಬರ್ತಾರೆ. ಮೇಲಿನ ರೂಮಿನ ಹಂಚು ಎರಡು ಕಡೆ ಸೋರ್ತಿದೆ, ಚಾಲಿ ಮಾರಿದ ಮೇಲೆ ರಿಪೇರಿ ಮಾಡಿಸ್ಬೇಕು.