ಮಾವಿನ ಪುಡ್ಡಿಂಗ್ ಕೆಡಿಸಿಕೊಂಡ ಮೇಲೆ ಗೊತ್ತಾದದ್ದು

ಮೇ ತಿಂಗಳು ಬಂತೆಂದರೆ ನಮ್ಮ ಶ್ರೀನಿವಾಸಪುರದ ಮನೆಯಲ್ಲಿ ಮಂಚದ ಕೆಳಗೆಲ್ಲಾ ಹುಲ್ಲು, ಹುಲ್ಲಿನೊಳಗೆ ಬಾದಾಮಿ ಮಾವಿನ ಹಣ್ಣು. ಶೀಕರಣೆ ತಿಂದು ತಿಂದು ಮಕ್ಕಳಿಗೆ ಬೇಜಾರು. ಹೋದ ವರ್ಷ ಹಾಂಗ್‌ಕಾಂಗ್‌ನವರು ಮಾಡುವ ಮಾವಿನ ಪುಡ್ಡಿಂಗ್ ಮಾಡೋಣ ಅಂತ ಹೊರಟೆ. ಅದಕ್ಕೆ ಇವಾಪರೇಟೆಡ್ ಮಿಲ್ಕ್ ಬೇಕಂತೆ. ಅಂಗಡಿಯಲ್ಲಿ ಕೇಳಿದೆ. ಕಂಡೆನ್ಸ್ಡ್ ಮಿಲ್ಕ್ ಟಿನ್ ಕೈಗಿಟ್ಟು, "ಎರಡೂ ಒಂದೇ ಅಮ್ಮ" ಅಂದರು. ನಾನೂ ನಂಬಿದೆ.

ಒಂದು ಚಮಚ ಬಾಯಿಗಿಟ್ಟರೆ ಹಲ್ಲು ಜುಂ ಅಂತು. ಮೊದಲೇ ಬಾದಾಮಿ ಹಣ್ಣು, ಅದರ ಮೇಲೆ ಅಷ್ಟು ಸಕ್ಕರೆ. ಮಾವಿನ ರುಚಿಯೇ ಇಲ್ಲ. ಮಕ್ಕಳೂ ಅರ್ಧಕ್ಕೇ ಬಿಟ್ಟರು.

ಆಮೇಲೆ ಲೆಕ್ಕ ಹಾಕಿದೆ. ಎರಡೂ ನೀರು ಇಂಗಿಸಿದ ಹಾಲೇ, ಸುಳ್ಳಲ್ಲ. ಆದರೆ ಕಂಡೆನ್ಸ್ಡ್‌ನಲ್ಲಿ ಬೆರೆಸಿದ ಸಕ್ಕರೆಯೇ ನೂರಕ್ಕೆ 40-45 ಭಾಗ. 400 ಗ್ರಾಂ ಟಿನ್ ಸುರಿದರೆ ಮುಕ್ಕಾಲು ಕಪ್ಪಿಗಿಂತ ಜಾಸ್ತಿ ಸಕ್ಕರೆ ಸುರಿದಂಗೆ. ಹಾಲು ಕೆಡದಂತೆ ಕಾಯುವುದೂ ಆ ಸಕ್ಕರೆಯೇ, ನಮ್ಮ ಮುರಬ್ಬದ ಹಾಗೆ. ಇವಾಪರೇಟೆಡ್‌ನಲ್ಲಿ ಸಕ್ಕರೆ ಹಾಕುವುದಿಲ್ಲ. ಹಾಲಿನ ನೀರಿನಲ್ಲಿ ಸುಮಾರು 60 ಭಾಗ ತೆಗೆದು, ಟಿನ್ ಮುಚ್ಚಿದ ಮೇಲೆ ಚೆನ್ನಾಗಿ ಕಾಯಿಸುತ್ತಾರೆ. ಅದಕ್ಕೇ ತೆಳು ಕೆನೆ ಬಣ್ಣ, ಕಾದ ಹಾಲಿನ ವಾಸನೆ.

"ಹಾಲು ಬತ್ತಿಸೋದಕ್ಕೆ ಟಿನ್ ಯಾಕೆ ಬೇಕು?" ಅಂದರು ಅತ್ತೆ. ಬೆಳಿಗ್ಗೆ ಡೈರಿಗೆ ಹಾಕುವ ಕ್ಯಾನಿನಿಂದ ಒಂದು ಲೀಟರ್ ಎತ್ತಿಟ್ಟರು. ನಾನು ಅಗಲ ಬಾಣಲೆ ಇಟ್ಟೆ. ಆಳದ ಪಾತ್ರೆಯಾದರೆ ಸಂಜೆಯವರೆಗೂ ನಿಂತಿರಬೇಕು. ಮೊದಲೇ 450 ಎಂ.ಎಲ್. ನೀರು ಹಾಕಿ, ಮರದ ಸೌಟು ಅದ್ದಿ, ನೀರು ಬಂದ ಕಡೆ ಗುರುತು ಮಾಡಿಕೊಂಡಿದ್ದೆ. ಹಾಲು ಆ ಗುರುತಿಗೆ ಇಳಿದರೆ ಸಾಕು. ಉರಿ ಸಣ್ಣದಿರಲಿ. ಪಕ್ಕದಲ್ಲಿ ಅಂಟುವ ಕೆನೆಯನ್ನು ಕೆರೆದು ಹಾಲಿಗೇ ಸೇರಿಸುತ್ತಿರಿ. ಫೋನ್ ಬಂತು ಅಂತ ಎದ್ದು ಹೋದಿರೋ, ತಳ ಹಿಡಿಯಿತು ಅಂತಲೇ ಲೆಕ್ಕ. ಒಮ್ಮೆ ಸೀದ ವಾಸನೆ ಬಂದರೆ ಏಲಕ್ಕಿ ಹಾಕಿದರೂ ಹೋಗಲ್ಲ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಸೋಸಿ ಆರಿಸಿದೆ. ಟಿನ್ನಿನದರಷ್ಟು ನುಣುಪು ಇಲ್ಲ, ಆದರೆ ರುಚಿ ಮೇಲು ಅಂತ ನನ್ನ ಅಭಿಪ್ರಾಯ.

ಈ ಹಾಲು, ಮಾವಿನ ರಸ, ಎರಡೇ ಚಮಚ ಸಕ್ಕರೆ, ಗಟ್ಟಿಯಾಗಲು ನೀರಿನಲ್ಲಿ ಕುದಿಸಿ ಪೂರ್ತಿ ಕರಗಿಸಿದ ಚೈನಾ ಗ್ರಾಸ್ (ಅಗರ್ ಅಗರ್). ಪುಡ್ಡಿಂಗ್ ಸರಿಯಾಗಿ ಕೂತಿತು. ಬಾದಾಮಿ ಹಣ್ಣಿನ ರುಚಿ ಮೊದಲು ಬಂತು, ಹಾಲಿನದು ಹಿಂದೆ.

ಹಾಗಂತ ಕಂಡೆನ್ಸ್ಡ್ ಮಿಲ್ಕ್ ಬೇಡ ಅಂತಲ್ಲ. ಶಾವಿಗೆ ಪಾಯಸಕ್ಕೆ ಅರ್ಧ ಟಿನ್ ಹಾಕಿದರೆ ಬೇರೆ ಸಕ್ಕರೆಯೇ ಬೇಡ. ಕೊಬ್ಬರಿ ಲಾಡುವಿಗೆ ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ, ಅಂಟು ಅದೇ ಕೊಡುತ್ತದೆ. ಆದರೆ ಅಣಬೆ ಸೂಪಿಗೆ, ಕುರ್ಮಾಗೆ ಅದು ಕಾಲಿಡಬಾರದು. ಅಲ್ಲಿ ಬತ್ತಿಸಿದ ಹಾಲು ಕೆನೆಯ ಕೆಲಸ ಮಾಡುತ್ತದೆ. ನಾನು ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸುತ್ತೇನೆ. ಕಂಡೆನ್ಸ್ಡ್ ಆದರೆ ಡಬ್ಬಿಗೆ ಬಗ್ಗಿಸಿಟ್ಟರೆ ಅದಕ್ಕಿಂತ ಜಾಸ್ತಿ ದಿನ ಇರುತ್ತದೆ.

ಇಷ್ಟೆಲ್ಲಾ ಕಲಿತ ಮೇಲೂ ಜೂನ್‌ನಲ್ಲಿ ಇನ್ನೊಂದು ತಪ್ಪು ಮಾಡಿದೆ. ಬಾದಾಮಿ ಮುಗಿದಿತ್ತು, ತೋತಾಪುರಿ ಇತ್ತು. ಅದರ ರಸವನ್ನು ಹಾಲು ಕುದಿಯುತ್ತಿರುವಾಗಲೇ ಸುರಿದೆ. ಹುಳಿಗೆ ಹಾಲು ಒಡೆದು ಗಸಿಗಸಿ ಆಯಿತು. ಈಗ ಹಾಲು ಉಗುರು ಬೆಚ್ಚಗಾಗುವವರೆಗೆ ಕಾಯುತ್ತೇನೆ. ಅವತ್ತು ಒಡೆದದ್ದನ್ನು ಅತ್ತೆ ಬಟ್ಟೆಯಲ್ಲಿ ಹಿಂಡಿ, ಬೆಲ್ಲ ಸೇರಿಸಿ ತಿಂದರು. "ಪುಡ್ಡಿಂಗ್‌ಗಿಂತ ಇದೇ ವಾಸಿ" ಅಂದರು.