ಅಥೆನ್ಸ್‌ನಲ್ಲಿ ಚಿನ್ನದ ರೇಕು ನೋಡಲು ಹೋದದ್ದು

ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. ಮಗಳು ಕೆಲಸದ ಮೇಲೆ ಅಥೆನ್ಸ್‌ಗೆ ಹೊರಟಾಗ "ಅಮ್ಮ, ನೀನೂ ಬಾ" ಅಂದಳು. ಅವಳಿಗೆ ದಿನವಿಡೀ ಮೀಟಿಂಗು, ನನಗೆ ಮೂರು ದಿನ ಪೂರ್ತಿ ಬಿಡುವು. ನನಗೆ ನೋಡಬೇಕಿದ್ದದ್ದು ಬೈಜಾಂಟೈನ್ ಕಾಲದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಐಕಾನ್‌ಗಳು. ಮೊಬೈಲಿನ ಐಕಾನ್ ಅಲ್ಲ, ಹಲಗೆಯ ಮೇಲೆ ಬರೆದ ಯೇಸು, ಮೇರಿ, ಸಂತರ ಚಿತ್ರಗಳು. ನಮ್ಮ ಹಾಗೆ ಅವರೂ ಚಿನ್ನದ ರೇಕು ಹಚ್ಚುತ್ತಿದ್ದರು. ಹೇಗೆ ಅನ್ನುವುದೇ ನನ್ನ ಕುತೂಹಲ.

ಬೈಜಾಂಟೈನ್ ಮತ್ತು ಕ್ರಿಶ್ಚಿಯನ್ ಮ್ಯೂಸಿಯಂ ಎವಾಂಗೆಲಿಸ್ಮೋಸ್ ಮೆಟ್ರೋ ನಿಲ್ದಾಣಕ್ಕೆ ಹತ್ತಿರ. 1914ರಲ್ಲಿ ಶುರುವಾದದ್ದು. ಮೊದಲ ದಿನ ನೇರವಾಗಿ ಐಕಾನ್‌ಗಳ ಹತ್ತಿರ ಓಡಿದೆ. ಮುಕ್ಕಾಲು ಗಂಟೆ ಸುತ್ತಿ, ಸಿಕ್ಕಿದ್ದಕ್ಕೆಲ್ಲ ಫೋಟೋ ತೆಗೆದೆ. ರಾತ್ರಿ ನೋಡಿದರೆ ಫೋಟೋಗಳ ತುಂಬ ದೀಪದ ಪ್ರತಿಬಿಂಬ. ಎಲ್ಲ ಸಂತರ ಮುಖವೂ ಒಂದೇ ಥರ ಕಂಡಿತು. ಸುಮ್ನೆ ಟಿಕೆಟ್ ದಂಡ ಅನ್ನಿಸಿತು.

ಮರುದಿನ ಮೊಬೈಲನ್ನು ಚೀಲಕ್ಕೆ ಹಾಕಿ, ಪೆನ್ಸಿಲು ಹಿಡಿದು ಮೊದಲ ಕೋಣೆಯಿಂದ ಶುರು ಮಾಡಿದೆ. ಅಲ್ಲಿ 4ನೇ ಶತಮಾನದ ಒಂದು ಅಮೃತಶಿಲೆಯ ಕೆತ್ತನೆ ಇದೆ, ಮೇಜಿನ ಆಧಾರಕ್ಕೆಂದು ಮಾಡಿದ್ದು. ಗ್ರೀಕ್ ಪುರಾಣದ ಸಂಗೀತಗಾರ ಆರ್ಫಿಯಸ್ ವೀಣೆಯಂಥ ವಾದ್ಯ ನುಡಿಸುತ್ತಿದ್ದಾನೆ, ಸುತ್ತ ಪ್ರಾಣಿಗಳು ಕೇಳುತ್ತಿವೆ. ನಮ್ಮ ಹೊಯ್ಸಳ ವೇಣುಗೋಪಾಲನ ಕಾಲ ಬಳಿಯ ಹಸುಗಳು ನೆನಪಾದವು. ಅದೇ ಕಾಲದ ಇನ್ನೊಂದು ಚಿಕ್ಕ ಮೂರ್ತಿ ಹೆಗಲ ಮೇಲೆ ಕುರಿ ಹೊತ್ತ ಕುರುಬ. ಅವನೇ ಕ್ರಿಸ್ತ. ಹೊಸ ಧರ್ಮದ ಕೈಗೆ ಹಳೆಯ ಶಿಲ್ಪಿಗಳ ಉಳಿ ಸಿಕ್ಕಿತ್ತು, ಅಷ್ಟೇ.

ಇಷ್ಟು ನೋಡಿದ ಮೇಲೆ ಐಕಾನ್‌ಗಳ ಕಾಲದ ಲೆಕ್ಕವೂ ಅರ್ಥವಾಯಿತು. 8 ಮತ್ತು 9ನೇ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿಗಳೇ ಐಕಾನ್‌ಗಳನ್ನು ನಿಷೇಧಿಸಿದ್ದರು. ಎಷ್ಟೋ ಹಾಳಾದವು. 843ರಲ್ಲಿ ಪೂಜೆ ಮತ್ತೆ ಶುರುವಾಯಿತು. ಅದಕ್ಕೇ ನಾವು ನೋಡುವುದರಲ್ಲಿ ಅದರ ನಂತರದವೇ ಜಾಸ್ತಿ.

ನಾನು ಹೆಚ್ಚು ಹೊತ್ತು ನಿಂತದ್ದು 13ನೇ ಶತಮಾನದ ಸಂತ ಜಾರ್ಜ್ ಮುಂದೆ. ಕಾಸ್ಟೋರಿಯಾ ಊರಿನದು. ಸಂತನ ದೇಹ ಹಲಗೆಯಿಂದ ಉಬ್ಬಿ ಬಂದಿದೆ. "ಅಬ್ಬ, ಇಷ್ಟು ದಪ್ಪ ಗೆಸ್ಸೊನಾ!" ಅಂತ ಬೆರಗಾದೆ. ಗೆಸ್ಸೊ ಅಂದರೆ ಚಿನ್ನದ ರೇಕಿನ ಕೆಳಗೆ ಉಬ್ಬು ಬರಲೆಂದು ನಾವು ಹಚ್ಚುವ ಅಂಟಿನ ಲೇಪ. ಫಲಕ ಓದಿದರೆ ಮರದ ಕೆತ್ತನೆ! ನನ್ನ ಕಣ್ಣಿಗೆ ಎಲ್ಲ ಉಬ್ಬೂ ಗೆಸ್ಸೊ. ಹಿಂದೆ ಹೋದರೆ ಅಲ್ಲೂ ಚಿತ್ರ, ಇಬ್ಬರು ಸಂತೆಯರು. ಇಂಥ ಎರಡು ಮುಖದ ಐಕಾನ್‌ಗಳನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಗೋಡೆಗೆ ನೇತು ಹಾಕುವ ಚಿತ್ರ ಅಂದುಕೊಂಡಿದ್ದೆ. ಇದು ಉತ್ಸವಮೂರ್ತಿ! ಆಮೇಲೆ ಪ್ರತಿ ಐಕಾನಿನ ಅಂಚು, ಸವೆದ ಜಾಗಗಳನ್ನೇ ಹುಡುಕತೊಡಗಿದೆ.

ಬಣ್ಣ ಉದುರಿದ ಕಡೆಯೇ ನನಗೆ ಪಾಠಶಾಲೆ. ಮರದ ಹಲಗೆ, ಅದರ ಮೇಲೆ ಬಟ್ಟೆ, ಮೇಲೆ ಅಂಟು ಕಲಸಿದ ಬಿಳಿ ಪದರ. ಚಿನ್ನ ಕೂರುವ ಕಡೆ ಕೆಂಪು ಜೇಡಿ. ರೇಕು ಸವೆದಲ್ಲಿ ಆ ಕೆಂಪು ಇಣುಕುತ್ತದೆ. ಚಿನ್ನಕ್ಕೆ ಅಷ್ಟು ಬಿಸುಪು ಬರುವುದು ಅದರಿಂದಲೇ. ಮೇಲೆ ನುಣುಪು ಕಲ್ಲಿನಿಂದ ಉಜ್ಜುತ್ತಾರೆ, ಆ ಕೆಲಸ ನಮಗೂ ಗೊತ್ತು. ಬಣ್ಣಕ್ಕೆ ಅವರು ಬಳಸುವುದು ಮೊಟ್ಟೆಯ ಹಳದಿ. ಮುಖಕ್ಕೆ ಮೊದಲು ಕಡು ಹಸಿರು-ಕಂದು ಹಚ್ಚಿ, ಮೇಲೆ ಮೇಲೆ ತಿಳಿಯಾಗಿಸುತ್ತ ಬರುತ್ತಾರೆ. ನಾನು ಕಲಿತದ್ದು ತಿರುಗಾಮುರುಗಾ, ಮೊದಲು ತಿಳಿ ಬಣ್ಣ, ನಂತರ ನೆರಳು.

ಚಿನ್ನವನ್ನು ಎದುರಿಗೆ ನಿಂತು ನೋಡಬೇಡಿ. ಒಂದು ಪಕ್ಕಕ್ಕೆ ಸರಿದು, ಸ್ವಲ್ಪ ಬಗ್ಗಿ ನೋಡಿ. ಎಪಿಸ್ಕೆಪ್ಸಿಸ್ ಅನ್ನುವ ಮೇರಿಯ ಮೊಸಾಯಿಕ್ ಐಕಾನ್ ಮುಂದೆ ನಾನು ಹಾಗೆ ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದೆ. ಕಾವಲಿನ ಹೆಂಗಸು ನಕ್ಕಳು. ಪುಟ್ಟ ಪುಟ್ಟ ತುಣುಕುಗಳನ್ನು ಜೋಡಿಸಿ ಮಾಡಿದ್ದು, ನಾವು ಓಲಾಡಿದಂತೆ ಬೆಳಕೂ ಓಡಾಡುತ್ತದೆ. ಇದು ಈಗ ಟರ್ಕಿಯಲ್ಲಿರುವ ತ್ರಿಗ್ಲಿಯಾ ಊರಿನದು. 1920ರ ದಶಕದ ಆರಂಭದಲ್ಲಿ ಅಲ್ಲಿನ ಗ್ರೀಕರು ಊರು ಬಿಟ್ಟು ಬಂದಾಗ ಐಕಾನೂ ಬಂತು. ಮನೆ ಬಿಡುವಾಗ ಎತ್ತಿಕೊಳ್ಳಲು ಇದೇನು ಹಗುರದ ವಸ್ತುವೇ?

ಅಕ್ಷರದ ವಿಷಯವೂ ಹೇಳಿಬಿಡುತ್ತೇನೆ. ಮೇರಿಯ ತಲೆಯ ಎರಡೂ ಬದಿ ಎರಡೆರಡು ಗ್ರೀಕ್ ಅಕ್ಷರ, ಮೇಲೊಂದು ಗೆರೆ. 'ದೇವರ ತಾಯಿ' ಎನ್ನುವ ಎರಡು ಪದಗಳ ಮೊದಲ, ಕೊನೆಯ ಅಕ್ಷರಗಳು ಅವು. ಕ್ರಿಸ್ತನ ಹೆಸರಿಗೂ ಅದೇ ಲೆಕ್ಕ. ಇಷ್ಟು ಗೊತ್ತಿದ್ದರೆ ಸಾಕು, ಯಾರು ಯಾರೆಂದು ಅರ್ಧ ತಿಳಿಯುತ್ತದೆ.

ಸಂಜೆ ಎರ್ಮು ರಸ್ತೆಯ ಕಪ್ನಿಕರೇಯಾ ಚರ್ಚಿಗೆ ಹೋದೆ. 11ನೇ ಶತಮಾನದ್ದು, ಸುತ್ತ ಬಟ್ಟೆ ಅಂಗಡಿಗಳು. ಒಬ್ಬ ಅಜ್ಜಿ ಬಂದು ಮೇಣದಬತ್ತಿ ಹಚ್ಚಿ, ಐಕಾನಿಗೆ ಮುತ್ತಿಟ್ಟು ಹೋದರು. ಆ ಜ್ವಾಲೆ ಅಲುಗಿದಾಗ ಹಿಂದಿನ ಚಿನ್ನವೂ ಅಲುಗಿತು. ಬೆಳಿಗ್ಗೆ ಮ್ಯೂಸಿಯಂನಲ್ಲಿ ನಾನು ಓಲಾಡಿ ಓಲಾಡಿ ಕಂಡದ್ದು ಇಲ್ಲಿ ತಾನಾಗೇ ಆಗುತ್ತಿತ್ತು.

ಮೈಸೂರಿಗೆ ಬಂದ ಮೇಲೆ, ಅರ್ಧ ಆಗಿದ್ದ ಲಕ್ಷ್ಮಿಯ ಮುಂದೆ ಟ್ಯೂಬ್‌ಲೈಟ್ ಆರಿಸಿ ಎಣ್ಣೆ ದೀಪ ಇಟ್ಟು ಕೂತೆ. ಕಿರೀಟದ ಎರಡು ಕಡೆ ಗೆಸ್ಸೊ ಜಾಸ್ತಿ ಎತ್ತರವಾಗಿತ್ತು. ಕೆರೆದು ತೆಗೆದೆ.